ಮೂರನೆಯ ನೆಗೆತ

ಅಕ್ಕಾ, ನನ್ನ ಬಂಗಾರ,

ಎಲ್ಲ ಮುಗಿದುಹೋಯಿತು ಕಣೇ! ಸ್ಕೇಟಿಂಗ್ ಸ್ಪರ್ಧೆಯಲ್ಲಿ ಇವರು ಮಂಜುಗಡ್ಡೆಯ ಮೇಲೆ ಬೆಣ್ಣೆಯಂತೆ ಜಾರಿದರು. ಕೊನೆಯಲ್ಲಿ ನನ್ನತ್ತ ನೋಡಿ ನಕ್ಕು, ತಮ್ಮ ಅಚ್ಚುಮೆಚ್ಚಿನ ನೆಗೆತವನ್ನೇ ಮೂರನೆಯ ಸಲ ಹಾರಿದರು. ನಾನು ಕುಣಿದಾಡಿ ಚಪ್ಪಾಳೆ ತಟ್ಟಿದೆ. ಪಕ್ಕದಲ್ಲಿದ್ದ ಕೋಚ್ ಹಣೆ ಚಚ್ಚಿಕೊಂಡರು. “ಸಾಕು ಸುಮ್ನಿರಮ್ಮಾ! ಒಂದೇ ನೆಗೆತಕ್ಕೆ ಎರಡು ಸಲ ಅಷ್ಟೇ ಅಂಕ, ಮೂರನೇದಕ್ಕೆ ಸೊನ್ನೆ. ಬೇರೆ ಏನು ಹಾರಿದ್ರೂ ಗೆಲ್ತಿದ್ದ!”

ಅರ್ಧ ಅಂಕದಲ್ಲಿ ದೇಶದ ತಂಡದ ಜಾಗ ಕೈತಪ್ಪಿತು. ಈ ವಯಸ್ಸಿಗೆ ಇನ್ನೊಂದು ಅವಕಾಶವಿಲ್ಲವಂತೆ. ಮಂಡಿ ಊದಿದೆ, ಐಸ್ ಇಡಲು ಹೋದರೆ “ಅದರ ಮುಖ ನೋಡಲ್ಲ” ಅನ್ನುತ್ತಾರೆ. ಯಾಕೆ ಹಾಗೆ ಮಾಡಿದಿರಿ ಎಂದು ಕೇಳಿದೆ. “ನೀನು ನಗ್ತಾ ಕೂತಿದ್ದೆ, ನಾನು ಎಣಿಸೋದೇ ಮರೆತೆ” ಅಂದರು. ಅತ್ತೆಗೆ ಏನೆಂದು ಹೇಳಲಿ, ಅಕ್ಕಾ?

ಇವರು ಎದ್ದರು, ನಿಲ್ಲಿಸುತ್ತೇನೆ.

ನಿನ್ನ ತಂಗಿ