ಸ್ಟೀಲಿಗೆ ತರಿಸಿದ ಮೇಣ

ಜನವರಿ ೧೩. ಒಟ್ಟು ಖರ್ಚು: ಒಂದು ಡಬ್ಬಿ ಹೊಳಪಿನ ಮೇಣ, ದೋಣಿಯ ಸ್ಟೀಲ್ ಕಂಬಿಗಳು, ಪಾಲುದಾರ ಬಸಂತರಾಯ.

ನಾಳೆ ಸಂಕ್ರಾಂತಿ. ಹಿನ್ನೀರಿಗೆ ಜಳಕಕ್ಕೆ ಬರುವ ಜನ ಹೊಳಪು ನೋಡಿಯೇ ದೋಣಿ ಹತ್ತುತ್ತಾರೆ. ನಮ್ಮ ಕಂಬಿಗಳ ತುಂಬ ಬೆಳಿಗ್ಗೆ ಕಂದು ಚುಕ್ಕಿ.

“ಇದಕ್ಕೇನ್ ಹಚ್ಚೀರಿ, ಬಸಂತಣ್ಣ?”

“ಸಂಡಾಸ ತೊಳಿಯೋ ಆ್ಯಸಿಡ್ರಿ, ಜೈನುದ್ದೀನಭಾಯ್. ನಿನ್ನಿ ಫಳಫಳ ಅಂತಿತ್ತು.”

“ಜನ ದೋಣಿಗಿ ಬರಾಕತ್ತಾರ, ಸಂಡಾಸಕ್ಕಲ್ಲ. ಸ್ಟೀಲಿಗೆ, ತಳಕ್ಕ ಅಂತ ನಾ ತರಿಸಿದ ಮೇಣ ಎಲ್ಲೈತಿ?”

ಅವನು ಕತ್ತು ತಿರುಗಿಸಿ ನೋಡಿದ. ಪಕ್ಕದಲ್ಲೇ ಅವನ ಅಳಿಯ ಅಮಿತನ ಹೊಸ ದೋಣಿ ನಿಂತಿತ್ತು. ನೀರು ಅದರ ಮೈಗೆ ಅಂಟದೆ ಹನಿಹನಿಯಾಗಿ ಜಾರುತ್ತಿತ್ತು.

“ಮಗಳ ಸಂಸಾರ ಐತ್ರಿ,” ಅಂದ.

ಕೇಳಿದ್ದರೆ ಅವಳ ಹೆಸರಿಗೆ ಇನ್ನೊಂದು ಡಬ್ಬಿ ನಾನೇ ತರಿಸುತ್ತಿದ್ದೆ.

ಅಮಿತನಿಗೆ ಹೊಳಪು ಸಿಕ್ಕಿತು, ಬಸಂತರಾಯನಿಗೆ ಅಳಿಯನ ಮುಂದೆ ಮರ್ಯಾದೆ. ನನಗೆ ಸಿಕ್ಕಿದ್ದು ತುಕ್ಕು ಹಿಡಿದ ಅರ್ಧ ದೋಣಿ. ಇನ್ನರ್ಧ ಅವನದೇ, ನಾಳೆ ಇಬ್ಬರೂ ಕೂಡಿಯೇ ನಡೆಸಬೇಕು.