ಹಿಂದೆ ನಿಂತವರ ದನಿ

ಪುಣೆ
೧೪ ಆಗಸ್ಟ್ ೨೦೨೫

ಪ್ರೀತಿಯ ಮಾದೇವಿ,

ಮನೆಯಲ್ಲಿ ಎಲ್ಲರೂ ಆರಾಮವೇ? ಮೇ ತಿಂಗಳಲ್ಲಿ ಭಟ್ಕಳದಲ್ಲಿ ನೀನು ರೈಲು ಹತ್ತಿಸುವಾಗ, ತಲುಪಿದ ಕೂಡಲೇ ಬರೆಯುತ್ತೇನೆ ಎಂದಿದ್ದೆ. ಮೂರು ತಿಂಗಳಾಯಿತು. ಕೆಲಸವಿತ್ತು ಎನ್ನುವುದು ಅರ್ಧ ನಿಜ. ನೀನು ಕಟ್ಟಿಕೊಟ್ಟ ಒಣ ಸಿಗಡಿ ಮೊನ್ನೆಯಷ್ಟೇ ಮುಗಿಯಿತು.

ನನ್ನ ಕೆಲಸವೇನೆಂದು ಕೇಳಿದ್ದೆಯಲ್ಲ. ಮುಂದಿನ ದಶಕದಲ್ಲಿ ಮೂರು ನೌಕೆಗಳು ಬಾಹ್ಯಾಕಾಶದಿಂದ ಗುರುತ್ವದ ಅಲೆಗಳಿಗೆ ಕಿವಿಗೊಡಲಿವೆ. ಜೋಡಿಯಾಗಿ ಸುತ್ತುವ ಸಾವಿರಾರು ನಕ್ಷತ್ರಗಳ ಅಲೆಗಳು ಒಟ್ಟಿಗೇ ಬರುತ್ತವೆ. ಅವನ್ನು ಬಿಡಿಸುವ ಲೆಕ್ಕ ಈಗಲೇ ಸಿದ್ಧವಾಗಬೇಕು. ಅಭ್ಯಾಸಕ್ಕೆಂದು ಬೇರೊಂದು ತಂಡ ಕೃತಕ ಅಲೆಗಳನ್ನು ಬೆರೆಸಿ ಕೊಡುತ್ತದೆ. ಅದರಲ್ಲಿ ಯಾವ ಯಾವ ನಕ್ಷತ್ರಗಳಿವೆ ಎಂಬ ಉತ್ತರ ಅವರಿಗೆ ಮಾತ್ರ ಗೊತ್ತು. ನಾನು ಎಲ್ಲಕ್ಕಿಂತ ಜೋರಾದದ್ದನ್ನು ಮೊದಲು ಗುರುತಿಸಿ ತೆಗೆದುಹಾಕಿ, ಆಮೇಲೆ ಮುಂದಿನದನ್ನು ಹುಡುಕುತ್ತಿದ್ದೆ. ತೆಗೆಯುವಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಉಳಿದ ಚೂರು ಹೊಸ ನಕ್ಷತ್ರದಂತೆ ಕಾಣುತ್ತಿತ್ತು. ಹೀಗೆ ಇಲ್ಲದ ನಕ್ಷತ್ರಗಳನ್ನೆಲ್ಲ ಏಪ್ರಿಲ್‌ನಲ್ಲಿ ಪಟ್ಟಿ ಮಾಡಿ ಒಪ್ಪಿಸಿ, ಮುಖ ಸಣ್ಣದು ಮಾಡಿಕೊಂಡು ಊರಿಗೆ ಬಂದಿದ್ದೆ.

ಆಗ ಒಂದು ಬೆಳಿಗ್ಗೆ ತೆಂಗಿನಗುಂಡಿ ಬಂದರಿನಲ್ಲಿ ನೀನು ಬಂಗಡೆ ಮೀನಿನ ಹರಾಜು, ನಿಮ್ಮ ಏಲಂ, ಕೂಗುತ್ತಿದ್ದೆ. ಹತ್ತು ಜನ ಒಟ್ಟಿಗೇ ಬೆಲೆ ಹೇಳುತ್ತಿದ್ದರು. ಎಲ್ಲರ ಹಿಂದೆ ನಿಂತ ಹೊನ್ನಾವರದ ವ್ಯಾಪಾರಿ ಹಮ್ಮ ಗೊಣಗಿದಂತೆ ಏನೋ ಅಂದ; ಅವನದೇ ಹೆಚ್ಚಿನ ಬೆಲೆಯೆಂದು ನೀನು ಅವನತ್ತ ಕೈ ತೋರಿಸಿ ಏಲಂ ಮುಗಿಸಿದೆ. ನನಗೆ ಕೇಳಿಸಲೇ ಇಲ್ಲವಲ್ಲ ಎಂದೆ. ನೀನು ನಕ್ಕೆ.

“ಜೋರು ಬಾಯವ್ನ ಮುಗ್ಸಿ ಮತ್ತೆ ಬಾಕಿಯವ್ರನ್ನ ಕೇಳೂಕೆ ಹೋದ್ರೆ ಏಲಂ ಕೆಟ್ಟಂಗೇ. ಎಲ್ಲರನ್ನೂ ಒಟ್ಟಿಗೇ ಕೇಳ್ಬೇಕು ಮಾರಾಯ್ತಿ. ಎಂತ ಕಲ್ಸಿದ್ರು ನಿಂಗೆ ಇಂಗ್ಲಿಷ್ ಸಾಲೆಲಿ?”

ಇಲ್ಲಿಗೆ ಬಂದು ಹಾಗೆಯೇ ಮಾಡಿದೆ. ಒಂದನ್ನೂ ಮೊದಲೇ ಕಿತ್ತುಹಾಕಲಿಲ್ಲ. ಒಂದರ ಅಂದಾಜು ಬದಲಾದಾಗ ಉಳಿದವನ್ನೂ ತಿದ್ದಿದೆ. ಬಲ್ಲವರು ಈ ದಾರಿಯನ್ನು ಹಿಂದೆಯೇ ಹೇಳಿದ್ದರು; ನನಗೆ ನಂಬಿಕೆ ಬಂದದ್ದು ನಿನ್ನಿಂದ. ಸೋಮವಾರ ಆ ಇನ್ನೊಂದು ತಂಡದವರು ಉತ್ತರ ತೆರೆದರು. ಇಲ್ಲದ ನಕ್ಷತ್ರಗಳು ಬಹುಪಾಲು ಹೋಗಿವೆ, ತೀರ ಕ್ಷೀಣವಾದ ಕೆಲವು ಸಿಕ್ಕಿವೆ. ನಮ್ಮ ತಂಡದವರಿಗೆಲ್ಲ ನಿನ್ನ ಹೆಸರು ಹೇಳಿದೆ.

ಈ ಹಂಗಾಮಿನಲ್ಲಿ ದೋಣಿಗಳು ತುಂಬಿ ಬರಲಿ, ನಿನ್ನ ಗಂಟಲು ಗಟ್ಟಿಯಿರಲಿ.

ನಿನ್ನ
ವಂದನಾ

ತಾ.ಕ.: ತಡವಾದದ್ದಕ್ಕೆ ಉಳಿದರ್ಧ ಕಾರಣ ಇದು. ಏಳನೇ ಕ್ಲಾಸಿಗೆ ನೀನು ನಮ್ಮ ಇಂಗ್ಲಿಷ್ ಶಾಲೆ ಸೇರಿದ ವರ್ಷ, ನಿನ್ನನ್ನು ನೋಡಿ ಮೀನು ವಾಸನೆ ಎಂದರು ಯಾರೋ, ಇಡೀ ತರಗತಿ ನಕ್ಕಿತು. ಮರುದಿನದಿಂದ ನೀನು ಬರಲಿಲ್ಲ. ನಾನು ಮಾತ್ರ ನಗಲಿಲ್ಲ ಎಂದು ಇಷ್ಟು ವರ್ಷ ನಿನಗೆ ಹೇಳಿಕೊಂಡು ಬಂದೆ. ನಕ್ಕಿದ್ದೆ ಮಾದೇವಿ, ಹಿಂದಿನ ಬೆಂಚಿನಲ್ಲಿ, ಮೆತ್ತಗೆ. ಹಮ್ಮನ ದನಿ ಹಿಡಿದ ಕಿವಿಗೆ ಅಂದು ನನ್ನ ನಗು ಕೇಳದೆ ಇದ್ದಿರಲಾರದು ಎಂದು ಆ ಬೆಳಿಗ್ಗೆ ಬಂದರಿನಲ್ಲಿ ಹೊಳೆಯಿತು. ಕೇಳಿಯೂ ನೀನು ಪ್ರತಿ ವರ್ಷ ನನಗೆ ಸಿಗಡಿ ಕಟ್ಟಿಕೊಟ್ಟೆ.