ಗಿಲಿಗಿಲಿ ಸಾಹೇಬರ ಬೀಗದ ಕೈ

ಕಾಲೇಜಿನ ಹಿಂದಿನ ಕ್ವಾರ್ಟರ್ಸಿನಿಂದ,
ಶನಿವಾರ, ಊಟದ ಹೊತ್ತು ಮೀರಿ

ನಮ್ಮನೆ ಯಜಮಾನರಿಗೆ ಪ್ರೀತಿಯ ನಮಸ್ಕಾರ.

ಹೇಗಿದ್ದೀರಿ? ಅಲ್ಲಿನ ಹಾಸ್ಟೆಲ್ ಮಂಚ ಸೊಂಟಕ್ಕೆ ಒಗ್ಗಿತೇ? ಟೀಗೆ ಸಕ್ಕರೆ ಹಾಕಿಸಿಕೊಳ್ಳುತ್ತಿಲ್ಲ ತಾನೇ? ನಾನಿಲ್ಲಿ ಗುಂಡುಕಲ್ಲಿನ ಹಾಗಿದ್ದೇನೆ. ಫೋನ್ ಇರುವಾಗ ಕಾಗದ ಯಾಕೆಂದು ಹುಬ್ಬು ಗಂಟು ಹಾಕಬೇಡಿ. ಫೋನಿನಲ್ಲಿ ನೀವು ಮಾತಾಡುತ್ತೀರಿ, ನಾನು ಹೂಂ ಅನ್ನುತ್ತೇನೆ. ಕಾಗದಕ್ಕೆ ಅಡ್ಡಬಾಯಿ ಹಾಕಲು ನಿಮ್ಮಿಂದಲೂ ಆಗದು. ಇಷ್ಟು ದಿನ ಮುಚ್ಚಿಟ್ಟು ನಿನ್ನೆ ರಾತ್ರಿ ಅಂದಿರಲ್ಲ, "ಬೀಗದ ಕೈ ಗೊಂಚಲು ಬಸ್ಸಲ್ಲೇ ಬಿದ್ದೋಗಿದೆ ಕಣೇ, ಟ್ರೈನಿಂಗ್ ಅರ್ಧಕ್ಕೇ ಬಿಟ್ಟು ಬಂದ್ಬಿಡ್ತೀನಿ" ಎಂದು. ಪ್ರಿನ್ಸಿಪಾಲರ ಆ ತರಬೇತಿ ಮುಗಿಸದಿದ್ದರೆ ನಿಮ್ಮ ಕುರ್ಚಿ ಕಾಯಂ ಆಗುವುದಿಲ್ಲ ಎನ್ನುವುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಇಲ್ಲಿ ನಡೆದದ್ದನ್ನು ಕೇಳಿ, ಆಮೇಲೆ ಬೇಕಾದರೆ ಗಂಟುಮೂಟೆ ಕಟ್ಟಿ.

ಸೋಮವಾರ ಬೆಳಿಗ್ಗೆ ನೋಡಿದರೆ ವರ್ಕ್‌ಶಾಪುಗಳಿಗೆಲ್ಲ ಬೀಗ. ಇರುವ ಬೀಗದ ಕೈಗಳೆಲ್ಲ ನಿಮ್ಮ ಸೊಂಟದಲ್ಲಿವೆ ಎಂದೇ ನಾವೆಲ್ಲ ತಿಳಿದಿದ್ದೆವು, ನೀವೋ ದೂರದ ಊರಲ್ಲಿ. ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂದಿದೆ, ಮಕ್ಕಳು ಬಿಸಿಲಿನಲ್ಲಿ ಕೈಕಟ್ಟಿ ನಿಂತಿದ್ದಾರೆ. ನಿಮ್ಮ ಜಾಗ ನೋಡಿಕೊಳ್ಳುತ್ತಿರುವ ವೆಲ್ಡಿಂಗ್ ಮೇಷ್ಟ್ರು ಫೋನ್ ಮಾಡಿದರೆ, "ಬೀಗ ಒಡೆದೀರಿ ಜೋಕೆ, ಸರ್ಕಾರದ ಸ್ವತ್ತು" ಎಂದು ಗದರಿದಿರಿ. ಪಾಪ, ಅವರು ತಲೆ ಕೆರೆದುಕೊಂಡು, "ಒಡೀಬೇಡಿ ಅಂದ್ರು. ತೆಗೀಬೇಡಿ ಅನ್ಲಿಲ್ವಲ್ಲ!" ಎಂದರು.

ಫಿಟ್ಟರ್ ಪಾಠದ ಮೇಡಂ ಮನೆಯಿಂದ ಕಬ್ಬಿಣ ಉಜ್ಜುವ ತಮ್ಮ ಸ್ವಂತ ಅರಗಳನ್ನು ತಂದರು. ಹಲ್ಲಿಲ್ಲದ ತಗಡಿನ ಬೀಗದ ಕೈಗೆ ಮಸಿ ಹಿಡಿಸಿ, ಬೀಗಕ್ಕೆ ತೂರಿಸಿ, ಮೆಲ್ಲಗೆ ತಿರುಗಿಸಿ ಹೊರಗೆ ತೆಗೆಯಬೇಕಂತೆ. ಎಲ್ಲಿ ಮಸಿ ಅಳಿಸಿದೆಯೋ ಅಲ್ಲಿ ಅರದಿಂದ ಒಂದಿಷ್ಟು ಉಜ್ಜಬೇಕಂತೆ. ಮತ್ತೆ ಮಸಿ, ಮತ್ತೆ ಅರ. ಮಸಿ ಯಾವುದು ಗೊತ್ತೇ? ನಮ್ಮಡುಗೆಮನೆಯ ಮೇಣದಬತ್ತಿಯದು! ಮೂರು ದಿನ ಮಕ್ಕಳು ಮೂಗಿನ ಮೇಲೂ ಮಸಿ ಬಳಿದುಕೊಂಡು ಕೂತರು. ಬುಧವಾರ ಮೊದಲ ಬೀಗ ಟಕ್ ಎಂದಾಗ ಎದ್ದ ಕೇಕೆಗೆ ನಮ್ಮ ಕಿಟಕಿ ಅದುರಿತು.

ಈಗ ಒಬ್ಬೊಬ್ಬ ಮೇಷ್ಟ್ರ ಹತ್ತಿರ ಅವರವರ ವರ್ಕ್‌ಶಾಪಿನ ಬೀಗದ ಕೈ ಇದೆ. ಗೋಡೆಯ ಹಲಗೆಯ ಮೇಲೆ ಪ್ರತಿ ಸಲಕರಣೆಯ ಆಕಾರವನ್ನು ಬಣ್ಣದಲ್ಲಿ ಬರೆದಿದ್ದಾರೆ. ಸಂಜೆ ಒಂದು ಸ್ಪ್ಯಾನರ್ ವಾಪಸ್ ಬಾರದಿದ್ದರೂ ಆ ಜಾಗ ಬಾಯಿ ತೆರೆದುಕೊಂಡು ಹಲ್ಲು ಬಿದ್ದ ಹಾಗೆ ಕಾಣುತ್ತದೆ. ಏನೂ ಕಳೆದಿಲ್ಲ.

ನಿಮ್ಮ ಭಯ ನನಗೆ ಗೊತ್ತು. ಹಿಂದಿನ ಕಾಲೇಜಿನಲ್ಲಿ ಯಾರೋ ಡ್ರಿಲ್ಲಿಂಗ್ ಮೆಷಿನ್ ಹೊತ್ತೊಯ್ದರು, ವಿಚಾರಣೆಯಲ್ಲಿ ತಲೆ ತಗ್ಗಿಸಿ ನಿಂತವರು ನೀವು. ಅಂದಿನಿಂದ ಗೊಂಚಲನ್ನು ದಿಂಬಿನ ಕೆಳಗಿಟ್ಟುಕೊಂಡು, ಮಗ್ಗುಲು ಬದಲಿಸಿದಾಗೆಲ್ಲ ತಡವಿ ನೋಡುತ್ತೀರಿ. ಮಕ್ಕಳು ನಿಮ್ಮನ್ನು 'ಗಿಲಿಗಿಲಿ ಸಾಹೇಬ್ರು' ಅನ್ನುತ್ತಾರೆ, ಗೊತ್ತೇ? ಅದರಲ್ಲಿ ಕೆಟ್ಟತನವಿಲ್ಲ, ಗೊಂಚಲಿನ ಸದ್ದಿಗೆ ಅವರಿಗೆ ನಗು, ಅಷ್ಟೆ. ನಿಮ್ಮ ಕೋಣೆಯ ಬೀಗವನ್ನು ಮಾತ್ರ ಯಾರೂ ಮುಟ್ಟಿಲ್ಲ. "ಅದನ್ನ ಸಾಹೇಬ್ರೇ ಬಂದು ತೆಗೀಲಿ" ಎಂದು ಮೇಷ್ಟ್ರು ಎಲ್ಲರಿಗೂ ಹೇಳಿಬಿಟ್ಟಿದ್ದಾರೆ. ಅಂಥವರ ಮೇಲೆ ನೋಟೀಸು ಗೀಟೀಸು ಜಾರಿ ಮಾಡಿದರೆ ನನ್ನಾಣೆ.

ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಿ, ಚೆನ್ನಾಗಿ ನಿದ್ದೆ ಮಾಡಿ. ನಿಮ್ಮ ಜೊತೆಯ ಪ್ರಿನ್ಸಿಪಾಲರಿಗೆಲ್ಲ ನನ್ನ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ
ಮನೆಯವಳು

ತಾ.ಕ.: ಕಾಗದ ಒಯ್ಯುವವರು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಹೇಳಿಬಿಡುತ್ತೇನೆ. ಗೊಂಚಲು ಬಸ್ಸಿನಲ್ಲಿ ಬಿದ್ದಿಲ್ಲ. ನೀವು ಬಿಟ್ಟುಹೋದ ಕಂದು ಕೋಟಿನ ಜೇಬಿನಲ್ಲಿತ್ತು, ಬುಧವಾರ ಒಗೆಯಲು ತೆಗೆದಾಗ ಸಿಕ್ಕಿತು. ಸೆರಗಿನಲ್ಲಿ ಕಟ್ಟಿಕೊಂಡು ವರ್ಕ್‌ಶಾಪಿನವರೆಗೂ ಓಡಿದೆ. ಆಗಲೇ ಆ ಮೊದಲ ಬೀಗ ಟಕ್ ಎಂದದ್ದು. ಆ ಮಕ್ಕಳ ಮುಖ ನೋಡಿ, ಗೊಂಚಲು ಸದ್ದು ಮಾಡದ ಹಾಗೆ ಮುಷ್ಟಿಯಲ್ಲಿ ಹಿಡಿದು ಹಿಂದಕ್ಕೆ ಬಂದೆ. ನಿನ್ನೆ ಫೋನಿನಲ್ಲಿ ಹೇಳಲು ಬಾಯಿ ತೆರೆದೆ, ನೀವು ಬಿಟ್ಟರೆ ತಾನೇ? ಸಕ್ಕರೆ ಡಬ್ಬಿಯ ಹಿಂದೆ ಇಟ್ಟಿದ್ದೇನೆ. ತರಬೇತಿ ಮುಗಿಸಿ ಬನ್ನಿ, ನಿಮ್ಮ ಕೋಣೆಯದೊಂದನ್ನು ಬಿಡಿಸಿ ಕೈಗೆ ಕೊಡುತ್ತೇನೆ. ಉಳಿದವು ಅಲ್ಲೇ ಇರಲಿ ಬಿಡಿ.